ಅಮರೇಶಪ್ಪನ ಭಾನುವಾರದ ಡಬ್ಬಿ

ಶಿವದೇವಿ ಗಂಡನನ್ನು ಬಿಟ್ಟವಳಲ್ಲ. ಆದರೂ ಮೂರು ವರ್ಷಗಳಿಂದ ಅವರ ಜೊತೆ ಇರಲಿಲ್ಲ. ಮಗಳು ಸಪ್ನಾಳ ಬಾಣಂತನಕ್ಕೆಂದು ಹೈದರಾಬಾದಿನ ಮಣಿಕೊಂಡಕ್ಕೆ ಬಂದವಳು ಮೊಮ್ಮಗಳನ್ನು ನೋಡಿಕೊಳ್ಳುತ್ತ ಅಲ್ಲೇ ಉಳಿದಳು. ಸಪ್ನಾ ಮಾದಾಪುರದ ಆಫೀಸಿನಿಂದ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅಳಿಯನಿಗೆ ತಾಯಿಯಿಲ್ಲ. ಕೂಸು ಹಿಡಿಯಲು ಇದ್ದವಳು ಇವಳೊಬ್ಬಳೇ.

ಗಂಡ ಅಮರೇಶಪ್ಪ ಅದೇ ಊರಿನ ನಾರಾಯಣಗೂಡದಲ್ಲಿ, ಮಗ ಬಸವಕಿರಣನ ಮನೆಯಲ್ಲಿದ್ದರು. ಮಗಳನ್ನು ಕೊಟ್ಟ ಮನೆಯಲ್ಲಿ ಉಣ್ಣುವುದು ಅವರ ಅಪ್ಪನಿಗೂ ಆಗುತ್ತಿರಲಿಲ್ಲ, ಇವರಿಗೂ ಆಗುತ್ತಿರಲಿಲ್ಲ. ಪ್ರತಿ ಭಾನುವಾರ ಬಸ್ಸು ಹತ್ತಿ ಬರುವರು, ಕೈಯಲ್ಲಿ ಸೊಸೆ ಕಟ್ಟಿಕೊಟ್ಟ ಡಬ್ಬಿ. ಹೆಂಡತಿ ಒಳಗೆ ಬಿಸಿ ರೊಟ್ಟಿ ಬಡಿಯುತ್ತಿದ್ದರೆ ಈ ಮಹಾರಾಯರು ಹೊರಗೆ ಸೋಫಾದ ಮೇಲೆ ಕೂತು ತಣ್ಣಗಿನದನ್ನು ಮುರಿಯುವರು. ಸಂಪ್ರದಾಯವೇನೋ ಉಳಿಯಿತು, ಹಲ್ಲು ಮಾತ್ರ ನೋಯುತ್ತಿತ್ತು.

ಮೊಮ್ಮಗಳು ಶಾಲೆಗೆ ಸೇರಿದರೆ ತಾನು ನಾರಾಯಣಗೂಡಕ್ಕೆ ಹೋಗಬಹುದೆಂದು ಶಿವದೇವಿ ಆಸೆಯಿಂದ ಸೀರೆಗಳನ್ನು ಮಡಿಸಿಟ್ಟಿದ್ದಳು. ಅಷ್ಟರಲ್ಲಿ ಸಪ್ನಾ ಮತ್ತೆ ಬಸುರಿಯಾದಳು.

“ಅವ್ವಾ, ನೀ ಅಪ್ಪನ ಕಡೆ ಹೋಗು. ನಾ ನೌಕರಿ ಬಿಡ್ತೀನಿ,” ಎಂದಳು, ತಾಯಿಯ ಮುಖ ನೋಡದೆ.

ಬಸವಕಿರಣ ಹುಟ್ಟಿದಾಗ ಶಿವದೇವಿಯೂ ಹೀಗೇ ಶಾಲೆಯ ಕೆಲಸ ಬಿಟ್ಟಿದ್ದಳು. ಆಗ ಗಂಡನ ನೌಕರಿಯ ಕ್ವಾರ್ಟರ್ಸಿನಲ್ಲಿ ಕೂಸು ಹಿಡಿಯುವವರು ಇರಲಿಲ್ಲ, ಬಿಡಬೇಡ ಎನ್ನುವವರೂ ಇರಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಆ ಭಾನುವಾರ ಅಮರೇಶಪ್ಪ ಡಬ್ಬಿ ಬಿಚ್ಚುವಾಗ ಅವಳು ಎದುರಿಗೆ ಬಂದು ಕೂತಳು.

“ನಾ ಬರಂಗಿಲ್ರಿ. ಆಕಿ ನೌಕರಿ ಬಿಡಬಾರ್ದು. ನೀವ ಇಲ್ಲಿಗೆ ಬರ್ರಿ.”

“ಮಗಳ ಮನ್ಯಾಗ ಇರಾಕ? ಮಂದಿ ಏನಂತಾರ?”

“ಮಂದಿ ಬಂದು ಕೂಸು ಹಿಡಿತಾರೇನ್ರಿ? ನನಗೂ ವಯಸ್ಸಾತು. ಎರಡು ಕೂಸು ಒಬ್ಬಾಕಿ ಕೈಲೆ ಆಗಂಗಿಲ್ಲ. ನನಗ ನೀವು ಬೇಕ್ರಿ.”

ಇಷ್ಟು ವರ್ಷಗಳ ಸಂಸಾರದಲ್ಲಿ ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅವರು ಡಬ್ಬಿ ಮುಚ್ಚಿ, ಉಣ್ಣದೆ ಎದ್ದು ಹೋದರು. ವಾರವಿಡೀ ಫೋನಿಲ್ಲ. ಗಂಡನನ್ನು ಕೈಯಾರೆ ಕಳೆದುಕೊಂಡೆನೆಂದು ಶಿವದೇವಿ ಅಡುಗೆಮನೆಯಲ್ಲಿ ನಿಂತು ಅತ್ತಳು.

ಮುಂದಿನ ಭಾನುವಾರ ಬಾಗಿಲು ತೆರೆದರೆ ಅಮರೇಶಪ್ಪನವರ ಹೆಗಲಿಗೆ ಬಟ್ಟೆಯ ಚೀಲವಿತ್ತು. ಕೈಯಲ್ಲಿ ಡಬ್ಬಿ ಇರಲಿಲ್ಲ. ಸೋಫಾದ ಕಡೆ ಹೋಗದೆ ಸೀದಾ ಅಡುಗೆಮನೆಗೆ ಬಂದು ನೆಲದ ಮೇಲೆ ಕೂತರು.

“ಹಸಿವ್ಯಾಗೈತಿ,” ಎಂದರು.

ಶಿವದೇವಿ ತಾಟು ಇಟ್ಟು ಬಿಸಿ ರೊಟ್ಟಿ ಹಾಕಿದಳು. ಮೊದಲ ತುತ್ತು ಗಂಟಲಿಳಿಯಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಅಲ್ಲಿಯವರೆಗೂ ಅವಳು ನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ಕೂತಿದ್ದಳು.