ಮೇಲಿಂದ ತೆಗೆದ ದೃಶ್ಯ

ಸಂಭಾಜಿನಗರದ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಈಗ ಹೊಸ ಕಟ್ಟಡ ಏಳುತ್ತಿದೆ. ಬೆಳಿಗ್ಗೆ ಕಿಟಕಿ ತೆರೆದರೆ ಹಸಿ ಸಿಮೆಂಟಿನ ವಾಸನೆ. ನಿಮಗೆ ಅದರಿಂದ ಏನೂ ಅನ್ನಿಸಲಿಕ್ಕಿಲ್ಲ. ನನಗೆ ಮಾತ್ರ ಅಂಗೈ ಬೆವರುತ್ತದೆ.

ಯಜಮಾನರನ್ನು ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡುವ ಮೊದಲು ನಾವು ನಾಸಿಕದಲ್ಲಿದ್ದೆವು. ಅಲ್ಲಿ ಮನೆಯ ಹಿಂದೆ ಏಳುತ್ತಿದ್ದ ಕಟ್ಟಡದ ಕೆಲಸಕ್ಕೆ ವಿಜಯಪುರದ ಕಡೆಯ ಕುಟುಂಬಗಳು ಬಂದು ತಗಡಿನ ಶೆಡ್ಡುಗಳಲ್ಲಿದ್ದವು. ಮಕ್ಕಳು ವಾರವಿಡೀ ಮರಾಠಿ ಶಾಲೆಗೆ ಹೋಗುತ್ತಿದ್ದರು. ಭಾನುವಾರ ನಾನು ಶೆಡ್ಡಿಗೇ ಹೋಗಿ ಕನ್ನಡ ಕಲಿಸುತ್ತಿದ್ದೆ. ಗಡಗಡ ಓದುತ್ತಿದ್ದರು. ಏನು ಓದಿದಿರಿ ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅದಕ್ಕೊಂದು ಉಪಾಯ ಹೂಡಿದೆ: ಓದಿದ ಕಥೆಯನ್ನು ನನ್ನ ಮೊಬೈಲಿನಲ್ಲಿ ಸಿನಿಮಾ ಮಾಡುವುದು. ಒಂದು ವಾಕ್ಯಕ್ಕೆ ಒಂದು ದೃಶ್ಯ. ಯಾರು ಕಾಣಬೇಕು, ಕ್ಯಾಮೆರಾ ಎಲ್ಲಿರಬೇಕು ಎಂಬುದನ್ನು ವಾಕ್ಯ ಓದಿ ಅವರೇ ಹೇಳಬೇಕು. ನಾನು ತೆಗೆದ ಫೋಟೊಗಳಲ್ಲಿ ನೆಂಟರಿಗೆ ತಲೆಯೇ ಇರುವುದಿಲ್ಲ. ಆದರೂ ನಿರ್ದೇಶಕಿಯ ಗತ್ತಿಗೇನೂ ಕಡಿಮೆ ಇರಲಿಲ್ಲ.

ಆ ಭಾನುವಾರದ ಕಥೆ ನಾನೇ ಬರೆದದ್ದು, ಹಕ್ಕಿಮರಿಯದು. ‘ಮರಿ ಮೇಲಿಂದ ಕೆಳಗೆ ನೋಡಿತು. ಅಮ್ಮ ಇರುವೆಯಷ್ಟು ಸಣ್ಣಗೆ ಕಂಡಳು.’ ಕ್ಯಾಮೆರಾ ಎಲ್ಲಿಡೋಣ ಎಂದು ಕೇಳಿದೆ. ಒಂಬತ್ತು ವರ್ಷದ ರೇಣುಕಾ, ಎಲ್ಲರಿಗಿಂತ ಜೋರಾಗಿ ಓದಿ ಎಲ್ಲರಿಗಿಂತ ಕಡಿಮೆ ತಿಳಿದುಕೊಳ್ಳುತ್ತಿದ್ದವಳು, ಆ ಸಾಲಿನ ಕೆಳಗೆ ಬೆರಳಿಟ್ಟು ಕೂತಿದ್ದಳು. ಇನ್ನೊಬ್ಬಳ ತಪ್ಪು ತಿದ್ದಿ ತಿರುಗಿದರೆ ರೇಣುಕಾ ಇಲ್ಲ. ಮೊಬೈಲೂ ಇಲ್ಲ.

ಹೊರಗೆ ಓಡಿದೆ. ಕಟ್ಟಡದ ನಾಲ್ಕನೇ ಮಹಡಿಯ ಅಂಚಿನಲ್ಲಿ, ಇನ್ನೂ ಗೋಡೆ ಏಳದ ಕಡೆ, ರೇಣುಕಾಳ ಕೆಂಪು ಫ್ರಾಕು.

“ಅಕ್ಕೋರ, ಅಲ್ಲೇ ನಿಂದರ್ರಿ! ಶೂಟಿಂಗ್ ನಡದೈತಿ! ವರೂನ್ ಭಾಳ ಸಣ್ಣ ಕಾಣ್ತೀರಿ!” ಮೇಲಿಂದ ಎಂಬುದಕ್ಕೆ ಅವಳ ಮರಾಠಿ ಮಾತು, ವರೂನ್.

ಕೂಗಲು ಬಾಯಿ ತೆರೆದೆ. ಮರಳಿನ ಬುಟ್ಟಿ ಇಳಿಸಿ ಬಂದ ಅವಳ ತಾಯಿ ಬಸಮ್ಮ ನನ್ನ ತೋಳು ಹಿಡಿದಳು. “ಒದರಬ್ಯಾಡ್ರಿ, ಬೆದರ್ತಾಳ. ಮಾತಾಡ್ಸಕೋಂತ ಇರ್ರಿ,” ಎಂದು ಪಿಸುಗುಟ್ಟಿ, ಬರಿಗಾಲಲ್ಲಿ ಮೆಟ್ಟಿಲಿನತ್ತ ಹೋದಳು.

ನಾನು ನಕ್ಕೆ. ಆ ನಗು ಹೇಗೆ ಬಂತೋ ಇವತ್ತಿಗೂ ತಿಳಿಯದು. “ರೇಣುಕಾ, ಕುಂತು ತಗಿವಾ, ಚಂದ ಬರ್ತದ!”

ಅವಳು ಒಂದು ಹೆಜ್ಜೆ ಮುಂದಿಟ್ಟಳು.

“ಹಿಂದ ಸರದು ಕೂಡು! ನಾ ಇನ್ನೂ ಸಣ್ಣಾಕಿ ಕಾಣ್ತೀನಿ!”

ಕೂತಳು. ಎರಡನೇ ಮಹಡಿಯ ಕಂಬಗಳ ಸಂದಿನಲ್ಲಿ ಬಸಮ್ಮನ ಸೆರಗು ಕಂಡಿತು, ಮರೆಯಾಯಿತು. ನಾನು ಕೈ ಬೀಸುತ್ತಲೇ ಇದ್ದೆ. ಕೊನೆಗೆ ಹಿಂದಿನಿಂದ ಎರಡು ಕೈ ಬಂದು ಮಗುವಿನ ನಡು ಬಳಸಿದವು.

ಕೆಳಗೆ ಬಂದಮೇಲೆ ಬಸಮ್ಮ ಮಗಳಿಗೆ ಒಂದು ಬಾರಿಸಿದಳು, ಆಮೇಲೆ ಅಪ್ಪಿಕೊಂಡಳು. ಬೈಗುಳಕ್ಕೆ ಕಾದು ನಿಂತ ನನ್ನನ್ನು ಕೇಳಿದ್ದು ಇಷ್ಟೇ: “ಕಥ್ಯಾಗ ಹಂಗ ಇತ್ತೇನ್ರಿ? ಮ್ಯಾಲಿಂದ ನೋಡೂದು?”

“ಇತ್ತು.”

“ಹಂಗಾರ ಈಕಿಗೆ ತಿಳದಿತ್ತು,” ಎಂದಳು.

ಮುಂದಿನ ಭಾನುವಾರ ನಾನು ಆ ಕಡೆ ಹೋಗಲಿಲ್ಲ. ತಲೆನೋವು ಎಂದು ಹೇಳಿ ಕಳಿಸಿದೆ. ತಲೆನೋವು ವರ್ಗಾವಣೆ ಬರುವವರೆಗೂ ನಡೆಯಿತು.

ಹೋದ ತಿಂಗಳು ಇಲ್ಲಿ ಊರಾಚೆಯ ಶೇಂದ್ರಾದ ಕನ್ನಡ ಕೆಲಸಗಾರರ ಶೆಡ್ಡುಗಳಿಂದ ಮಕ್ಕಳಿಗೆ ಕಲಿಸಲು ಕರೆ ಬಂತು. ಮೂರು ವಾರ ನೆಪ ಹೇಳಿ ನಾಲ್ಕನೆಯ ವಾರ ಹೋದೆ. ಬೇವಿನ ಮರ ಹತ್ತಿದ ಅಳಿಲಿನ ಕಥೆ ಓದಿಸಿ, ಕ್ಯಾಮೆರಾ ಎಲ್ಲಿಡೋಣ ಎಂದು ಕೇಳಿದೆ. ಹಿಂದೆ ಕೂತ ಹುಡುಗಿಯೊಬ್ಬಳು ಹೊರಗಿನ ಮರ ನೋಡಿದಳು, ಮೆಲ್ಲಗೆ ಎದ್ದಳು.

ನಾನೂ ಎದ್ದೆ. “ತಡಿವಾ,” ಎಂದು ಅವಳ ಕೈ ಹಿಡಿದುಕೊಂಡೆ. “ಇಬ್ರೂ ಕೂಡೇ ಹೋಗೂಣು.”