ಖಾರದ ತುರಿಕೆ ಎಂದುಕೊಂಡೆ

ಆ ಮಂಗಳವಾರವೂ ಅಕ್ಕ ಮತ್ತು ನಾನು ಬ್ಯಾಡಗಿಯ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಎದುರುಬದುರು ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆವು. ಅವಳು ಆಗಾಗ ಕೆಲಸ ನಿಲ್ಲಿಸಿ ಅಂಗೈ, ಅಂಗಾಲು ಕೆರೆದುಕೊಳ್ಳುತ್ತಿದ್ದಳು.

"ಇಷ್ಟು ವರ್ಷ ಆತು, ಇನ್ನೂ ಖಾರ ರೂಢಿ ಆಗಿಲ್ಲೇನ ನಿನಗ?" ಎಂದೆ.

"ಖಾರ ಅಂಗಾಲಿಗೆ ಹೆಂಗ ಹತ್ತತೈತಿ, ಶಾಣ್ಯಾಕಿ?" ಎಂದು ನಕ್ಕಳು.

ನಾನೂ ನಕ್ಕೆ. ಕೊಬ್ಬರಿ ಎಣ್ಣೆ ಹಚ್ಚಿಕೋ ಎಂದೆ.

ಎರಡು ವರ್ಷದ ಹಿಂದೆ ಅವಳ ಕೆಮ್ಮನ್ನೂ ಹೀಗೆಯೇ ಮೆಣಸಿನಕಾಯಿಯ ಘಾಟು ಎಂದಿದ್ದೆವು. ರಾಣೆಬೆನ್ನೂರಿನ ವೈದ್ಯರು ಅದು ಸಾರ್ಕೊಯಿಡೋಸಿಸ್, ಎದೆಯೊಳಗೆ ಸಣ್ಣ ಗಂಟುಗಳಾಗಿವೆ ಎಂದು ಗುಳಿಗೆ ಕೊಟ್ಟಿದ್ದರು. ತಮ್ಮನ್ನು ಕೇಳದೆ ನಿಲ್ಲಿಸಬಾರದು ಎಂದೂ ಹೇಳಿದ್ದರು.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆದು ತಲೆ ಎತ್ತಿದಾಗ ಅವಳ ಕಣ್ಣುಗಳು ಅರಿಸಿನದಂತಿದ್ದವು. ಕಾಮಣಿ ಎಂದರೆ ನಮ್ಮಲ್ಲಿ ಮೊದಲು ನಾಟಿ ಔಷಧ, ಪಥ್ಯ. ಚಿಕ್ಕಂದಿನಲ್ಲಿ ನನ್ನ ಕಾಮಣಿ ಹಾಗೆಯೇ ಇಳಿದಿತ್ತು. ಹೊಳೆ ಕಡೆಯ ಹಳ್ಳಿಯಲ್ಲಿ ಔಷಧ ಕೊಡುವ ಅಜ್ಜನ ಬಳಿಗೆ ಕರೆದೊಯ್ದೆ.

"ಇಂಗ್ಲಿಷ್ ಗುಳಿಗಿ ನುಂಗಿದ್ರ ನನ್ನ ಔಷಧ ಹತ್ತಂಗಿಲ್ಲವ್ವ" ಎಂದ ಅಜ್ಜ.

ಬಸ್ಸಿನಲ್ಲಿ ಅಕ್ಕ, "ಡಾಕ್ಟರಿಗೆ ಒಂದ್ ಮಾತು ಕೇಳೂಣೇನ?" ಎಂದಳು.

"ಸುಮ್ನಿರ, ಮೂರು ವಾರದ ಪಥ್ಯ" ಎಂದೆ. ಮನೆಗೆ ಬಂದು ಗುಳಿಗೆಯ ಡಬ್ಬಿಯನ್ನು ನಾನೇ ಎತ್ತಿಟ್ಟೆ. ಪಕ್ಕದ ನನ್ನ ಮನೆಯಿಂದ ಉಪ್ಪಿಲ್ಲದ ಗಂಜಿಯನ್ನು ದಿನವೂ ಒಯ್ದು ಕುಡಿಸಿದೆ. ಅವಳು ಸೊರಗಿದಳು. ತುರಿಕೆ ಇಳಿಯಲಿಲ್ಲ.

ಮೂರನೆಯ ವಾರ ಚಳಿಜ್ವರ ಬಂತು. ಲಾರಿ ಓಡಿಸುವ ಭಾವ ಅಂದೇ ಊರಿಗೆ ಮರಳಿದ್ದರು. ಹಾವೇರಿಯಲ್ಲಿ ಸ್ಕ್ಯಾನ್ ನೋಡಿದ ವೈದ್ಯರು, ಹಳೆಯ ಕಾಯಿಲೆಯ ಗಂಟುಗಳೇ ಯಕೃತ್ತಿನ ಬುಡದಲ್ಲಿ ಊದಿ ಪಿತ್ತನಾಳವನ್ನು ಅದುಮಿವೆ, ಕಟ್ಟಿ ನಿಂತ ಪಿತ್ತಕ್ಕೆ ಸೋಂಕು ತಗುಲಿದೆ ಎಂದರು.

"ಗುಳಿಗಿ ಯಾಕ ಬಿಟ್ರಿ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ನಾನ ಬಿಟ್ಟೇನ್ರಿ. ನುಂಗಿ ನುಂಗಿ ಬ್ಯಾಸರಾಗಿತ್ತು" ಎಂದಳು.

ಭಾವ ಅವಳನ್ನು ಗದರಿದರು. ನಾನು ಅವಳ ಹೊದಿಕೆ ಸರಿಪಡಿಸಿದೆ.

ನಾಳಕ್ಕೆ ಕೊಳವೆ ಹಾಕಿದರು. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಸೇರಿತ್ತು. ನಾಲ್ಕನೆಯ ದಿನ ಹೋದಳು.

ಮಾತಾಡಿಸಲು ಬಂದವರ ಮುಂದೆ ಭಾವ ಈಗಲೂ, "ಬಾಳ ಹಟಮಾರಿ ರೀ, ತಾನ ಗುಳಿಗಿ ಬಿಟ್ಲು" ಎನ್ನುತ್ತಾರೆ. ನಾನು ಚಹಾ ಕೊಟ್ಟು ಒಳಗೆ ಹೋಗುತ್ತೇನೆ. ಗುಳಿಗೆ ನಿಲ್ಲಿಸಿದವಳು ನಾನು ಎಂದು ಅವರಿಗೆ ಇನ್ನೂ ಹೇಳಿಲ್ಲ.