ವ್ಯಾನಿನೊಳಗಿನ ಕಲ್ಲಿನ ಕಟ್ಟೆ

ಕಳೆದ ವಾರ ಪಕ್ಕದ ಫ್ಲಾಟಿನಲ್ಲಿ ಅಡುಗೆಮನೆಗೆ ಕಡಪಾ ಕಲ್ಲು ಕೊಯ್ಯುತ್ತಿದ್ದರು. ತಿರುಗುವ ಬ್ಲೇಡಿನ ಮೇಲೆ ನೀರು ಬಿಟ್ಟಾಗ ಏಳುವ ಹಸಿಹಸಿ ಸುಟ್ಟ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ಕೂಡಲೇ ಕಾಕಾ ನೆನಪಾದರು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ನೆನಪಾದದ್ದು ಅವರ ವ್ಯಾನು. ಅದರ ಬಣ್ಣ ಬಿಳಿಯೋ ತಿಳಿನೀಲಿಯೋ... ಎರಡೂ ಕಾಣುತ್ತವೆ.

ಕಾಕಾ ಲಿಂಗಂಪಲ್ಲಿಯಲ್ಲಿ ನಮ್ಮ ಎದುರು ಮನೆಯವರು. ರಾಯಚೂರು ಕಡೆಯಿಂದ ಬಂದು, ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾಗಿದ್ದರು. ಹೈದರಾಬಾದೆಲ್ಲ ಕಂಪ್ಯೂಟರ್ ಕಡೆ ಓಡುತ್ತಿದ್ದ ವರ್ಷಗಳು ಅವು. ನಾನೂ ಓಡಿದವಳೇ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ನಮ್ಮಂಥವರನ್ನು ಆಫೀಸಿಗೆ ಹೊತ್ತು ಹೊತ್ತು ಹಳತಾದ ವ್ಯಾನೊಂದನ್ನು ಕಾಕಾ ಕೊಂಡು ತಂದರು. ಸೀಟುಗಳನ್ನೆಲ್ಲ ಕಿತ್ತು, ಮಂಚ, ನೀರಿನ ಟ್ಯಾಂಕು, ಕಪಾಟು ಕೂರಿಸಿ ಮನೆ ಮಾಡತೊಡಗಿದರು.

ತಿರುಗಾಟದ ಶೋಕಿಗಲ್ಲ. ಶಿಬಿರಗಳಲ್ಲಿ ಅಂಗವಿಕಲರಿಗೆ ಕೊಟ್ಟ ಮೂರು ಗಾಲಿಯ ಸೈಕಲ್ಲುಗಳು ಕೆಲವೇ ತಿಂಗಳಲ್ಲಿ ಚೈನು ಹರಿದು ಹಿತ್ತಲು ಸೇರುವುದನ್ನು ಅವರು ತಮ್ಮೂರಿನಲ್ಲಿ ನೋಡಿದ್ದರು.

"ಕೊಡೂವಾಗ ಫೋಟೋ ತಗೀತಾರ. ಬೇರಿಂಗ್ ಹೋದಾಗ ಯಾರೂ ಬರಂಗಿಲ್ಲ," ಎನ್ನುತ್ತಿದ್ದರು.

ಎಂಟು ತಿಂಗಳು ಹಳ್ಳಿ ಹಳ್ಳಿ ಸುತ್ತಿ ಅವನ್ನೆಲ್ಲ ಪುಕ್ಕಟೆ ರಿಪೇರಿ ಮಾಡುವುದು ಅವರ ಯೋಜನೆ. ಓಣಿಯ ತೆಲುಗರು "ತಿರುಪತಿಕಾ ಸಾರ್, ಶಿರಡೀಕಾ?" ಎಂದು ಯಾತ್ರೆ ಯಾವ ಊರಿಗೆ ಎಂಬಂತೆ ಕೆಣಕಿದರೆ ಕಾಕಾ ತಲೆಯೆತ್ತದೆ "ಡ್ಯೂಟೀಕಿ", ಡ್ಯೂಟಿಗೆ, ಎನ್ನುತ್ತಿದ್ದರು. ಇಂಥವರ ಎದುರು ಮನೆ ನನ್ನದು ಎಂದು ನಾನು ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ.

ಅವರ ಹೆಂಡತಿ, ನಮ್ಮ ಪಾಲಿನ ಕಾಕು, ಜೊತೆಗೆ ಬರಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ನೆಲದ ಮ್ಯಾಲ ಕೂತು ರೊಟ್ಟಿ ಬಡಿಯಾಕ ನನ್ನ ಮೊಣಕಾಲು ಕೇಳಂಗಿಲ್ಲ. ನಿಂತು ಮಾಡೂವಂಥ ಕಲ್ಲಿನ ಕಟ್ಟಿ ಬೇಕು, ಮನ್ಯಾಗ ಇದ್ದಂಗ." ಕಾಕಾ ಕಪ್ಪು ಕಡಪಾ ಕಲ್ಲು ತಂದು ತಾವೇ ಕೊಯ್ದರು. ಅಂಚನ್ನು ಎಷ್ಟೋ ದಿನ ಉಜ್ಜಿ ನುಣುಪು ಮಾಡಿದರು. ವ್ಯಾನಿನ ಎಡಕ್ಕೆ ಬಾಗಿಲು. ಹೀಗಾಗಿ ಕಲ್ಲು, ಅದರ ಕೆಳಗೆ ಟ್ಯಾಂಕು, ಪಕ್ಕದಲ್ಲಿ ವೆಲ್ಡಿಂಗ್ ಸೆಟ್ಟು, ಎಲ್ಲ ಬಲಕ್ಕೇ ಬಂತು.

ಹೊರಡಲು ಐದು ದಿನವಿತ್ತು. ಸಂಜೆ ಆಫೀಸಿನಿಂದ ಬರುವಾಗ ಹಿಂದಿನಿಂದ ವ್ಯಾನನ್ನು ನೋಡಿದೆ. ಬಲಗಡೆ ನಾಲ್ಕು ಬೆರಳು ಕುಸಿದಿತ್ತು.

ತಪ್ಪು ಹುಡುಕಿ ಸಂಬಳ ಪಡೆಯುವವಳಿಗೆ ಬಾಯಿ ಬರಲಿಲ್ಲ. ಕಲ್ಲು ಹೋದರೆ ಕಾಕು ಬರುವುದಿಲ್ಲ. ಸಕ್ಕರೆ ಕಾಯಿಲೆಯ ಕಾಕಾ ಒಬ್ಬರೇ ಹೊರಡುವಂತಿರಲಿಲ್ಲ. ಎರಡು ದಿನ ಸುಮ್ಮನಿದ್ದೆ. ಮೂರನೆಯ ಸಂಜೆ ಹೇಳಿಬಿಟ್ಟೆ.

"ಕಾಕಾ, ವ್ಯಾನ್ ಬಲಕ್ಕ ವಾಲಾಕತ್ತೈತ್ರಿ."

ಅವರು ವ್ಯಾನನ್ನು ನೋಡಲಿಲ್ಲ. ನನ್ನನ್ನು ನೋಡಿದರು.

"ಭಾಳ ವಾಲೈತೇನು, ತಂಗಿ?"

"ನಾಕು ಬೆರಳು."

ಬಗ್ಗಿ, ಟೈರಿಗೂ ಬಾಡಿಗೂ ನಡುವೆ ಕೈ ತೂರಿಸಿದರು. "ಖರೇ ಐತಿ. ತೆಗ್ಗಿನ್ಯಾಗ ಬಿದ್ರ ಟೈರ್ ಉಳಿಯಂಗಿಲ್ಲ," ಎಂದು ಎದ್ದವರೇ ಸುತ್ತಿಗೆ ತಂದರು. ಉಜ್ಜಿ ನುಣುಪು ಮಾಡಿದ ಕಲ್ಲನ್ನು ಎಬ್ಬಿಸಿ ಕೆಳಗಿಳಿಸುವುದನ್ನು ಕಾಕು ಗೇಟಿನಲ್ಲಿ ನಿಂತು ನೋಡುತ್ತಿದ್ದರು. ನಾನು ಅವರ ಮುಖ ನೋಡಲಿಲ್ಲ... ಅಥವಾ ನೋಡಿದ್ದು ಈಗ ಉಳಿದಿಲ್ಲ. ದನಿ ಮಾತ್ರ ಉಳಿದಿದೆ.

"ಪ್ಲೈವುಡ್‌ದು ಮಾಡ್ರಿ. ನಾ ಬರಂಗಿಲ್ಲ ಅಂದ್ರ ನಿಮ್ಮನ್ನ ಇಲ್ಲೇ ಮನ್ಯಾಗ ಇಟ್ಕೋಬೇಕಾಗತೈತಿ. ಅದಕ್ಕಿಂತ ಹಲಗಿ ಮ್ಯಾಲ ರೊಟ್ಟಿ ಬಡಿಯೂದು ಹಗುರ."

ಮೊದಲೇ ಗೊತ್ತು ಮಾಡಿದ್ದ ದಿನವೇ ಇಬ್ಬರೂ ಹೊರಟರು. ಎಂಟು ತಿಂಗಳು ಎಂದವರು ವರ್ಷ ದಾಟಿದ ಮೇಲೆ ಬಂದರು, ಕೈತುಂಬ ವೆಲ್ಡಿಂಗಿನ ಸುಟ್ಟ ಕಲೆಗಳೊಂದಿಗೆ. ನನ್ನ ಕೆಲಸದ ಜೀವನದಲ್ಲಿ ನಾನು ಹಿಡಿದ ಅತಿ ದೊಡ್ಡ ತಪ್ಪು ಅದು ಎಂದು ಎಷ್ಟೋ ವರ್ಷ ಎಲ್ಲರ ಮುಂದೆ ಹೇಳುತ್ತ ಬಂದೆ.

ಹೋದ ವರ್ಷ ಕಾಕಾ ತೀರಿಕೊಂಡರು. ಮಾತಾಡಿಸಲು ಹೋದಾಗ ಕಾಕುವಿಗೂ ಅದನ್ನೇ ಹೇಳಿದೆ. ಅವರು ಸಣ್ಣಗೆ ನಕ್ಕರು.

"ಅವರಿಗೆ ಗೊತ್ತಿತ್ತವಾ. ಟ್ಯಾಂಕ್ ತುಂಬಿಸಿದ ದಿನಾನ ನೋಡಿದ್ರು. ನನ್ನ ಮುಂದ ಹೇಳಾಕ ಬಾಯಿ ಬರಲಿಲ್ಲ. ಯಾರರ ನೋಡಿ ಹೇಳಲಿ ಅಂತ ಗಾಡಿ ಹಿಂಭಾಗ ರಸ್ತೆ ಕಡೆ ಮಾಡಿ ನಿಲ್ಲಿಸ್ತಿದ್ರು. ಇದನ್ನ ಹೇಳಿದ್ದೂ ಆಮ್ಯಾಲ, ಯಾವುದೋ ಊರಾಗ."

ಹಾಗಾದರೆ ನಾನು ಸುಮ್ಮನಿದ್ದ ಆ ಎರಡು ದಿನ ಅವರೂ ಕಾದಿದ್ದರು. ಈಗ ಕಣ್ಣು ಮುಚ್ಚಿದರೆ ವ್ಯಾನು ಹಿಂಭಾಗ ತೋರಿಸಿಕೊಂಡೇ ನಿಂತಿರುತ್ತದೆ. ಇದನ್ನೂ ನಂಬಲಾರೆ, ಕಾಕು ಹೇಳಿದ ಮೇಲೆ ಅದು ತಾನೇ ತಿರುಗಿ ನಿಂತಿರಬಹುದು. ಆದರೂ ಒಳಗೊಳಗೆ ಹೆಮ್ಮೆಯಾಗುತ್ತದೆ. ಓಣಿಯಲ್ಲಿ ಅಷ್ಟು ಜನ ಓಡಾಡುತ್ತಿದ್ದರು. ದಿನಾ ಹಾಗೆ ನಿಲ್ಲಿಸಿದ್ದು ನಾನು ಬರುವ ಹೊತ್ತಿಗೇನಾ ಎಂದು ಕೇಳೋಣವೆಂದರೆ, ಕಾಕಾ ಇಲ್ಲ.